ವಿಶ್ವಸಂಸ್ಥೆಯೆಂಬ ಹೆಸರು

ಬೀದರ ಪಟ್ಟಣದ ಚೌಬಾರದ ಸುತ್ತ ಒಂದು ಗಳಿಗೆ ನಿಂತವನ ಕಿವಿಗೆ ನಾಲ್ಕು ಭಾಷೆಗಳು ಬೀಳುವುವು. 1945ರಲ್ಲಿ ಹುಟ್ಟಿದ ಒಂದು ಸಂಘಕ್ಕೆ ಆ ನಾಲ್ಕು ಭಾಷೆಗಳೂ ತಮ್ಮ ತಮ್ಮ ಹೆಸರುಗಳನ್ನಿಟ್ಟಿರುವುವು. ಉರ್ದು ಬಲ್ಲವರು ಅದನ್ನು ‘ಅಕ್ವಾಮೆ ಮುತ್ತಹಿದಾ’ ಎನ್ನುವರು. ಒಂದುಗೂಡಿದ ಕೌಮುಗಳೆಂದು ಅದರ ಅರ್ಥ. ಮರಾಠಿಗರು ‘ಸಂಯುಕ್ತ ರಾಷ್ಟ್ರಸಂಘ’ವೆನ್ನುವರು. ತೆಲುಗರು ‘ಐಕ್ಯರಾಜ್ಯ ಸಮಿತಿ’ ಎನ್ನುವರು. ಈ ಮೂರು ಹೆಸರುಗಳೂ ಆ ಸಂಘದಲ್ಲಿ ಕುಳಿತಿರುವವರು ಯಾರೆಂಬುದನ್ನು ಹೇಳುವುವು. ಕನ್ನಡದ ಪತ್ರಿಕೆಗಳೂ ಪಾಠಪುಸ್ತಕಗಳೂ ಮಾತ್ರ ಹೆಚ್ಚಾಗಿ ‘ವಿಶ್ವಸಂಸ್ಥೆ’ ಎಂಬ ಹೆಸರನ್ನು ಹಿಡಿದಿರುವುವು. ಮಿಕ್ಕ ಮೂರು ಭಾಷೆಗಳು ಯಾವ ಮಾತನ್ನು ಮುಖ್ಯವೆಂದು ಇಟ್ಟುಕೊಂಡವೋ ಆ ಒಂದು ಮಾತನ್ನೇ ಕನ್ನಡದ ಹೆಸರು ಕೈಬಿಟ್ಟಿರುವುದು. ಅದರಲ್ಲಿ ರಾಷ್ಟ್ರವೂ ಇಲ್ಲ, ರಾಜ್ಯವೂ ಇಲ್ಲ, ಬರಿಯ ವಿಶ್ವವಿದೆ.

ಹೆಸರಿನ ವಿಷಯದಲ್ಲಿ ಇಷ್ಟೊಂದು ಜಗಳವೇಕೆಂದು ಕೆಲವರು ಕೇಳಬಹುದು. ಬರಿಯ ಹೆಸರಾಗಿದ್ದರೆ ಜಗಳ ಬೇಕಿರಲಿಲ್ಲ. ಆದರೆ ಈ ಹೆಸರಿನಿಂದ ಓದುಬರಹ ಬಲ್ಲ ಮನೆಗಳಲ್ಲಿಯೂ ಎರಡು ಭ್ರಾಂತಿಗಳು ಬೇರೂರಿರುವುವು. ಅದು ಜಗತ್ತಿಗೆಲ್ಲ ಮೇಲಿನ ಸರ್ಕಾರ, ಅಲ್ಲಿಗೆ ಅರ್ಜಿ ಹಾಕಿದರೆ ನ್ಯಾಯ ದೊರಕುವುದೆಂಬುದು ಮೊದಲನೆಯದು. ಅರ್ಜಿಗೆ ಫಲ ದೊರೆಯದಾಗ ಹುಟ್ಟುವುದು ಎರಡನೆಯದು: ಅದು ಹರಟೆಯ ಕಟ್ಟೆ, ಅದರಿಂದ ಯಾರಿಗೂ ಮೂರು ಕಾಸಿನ ಪ್ರಯೋಜನವಿಲ್ಲವೆಂಬುದು. ಕುರುಡು ಭಕ್ತಿಯೂ ಕುರುಡು ತಿರಸ್ಕಾರವೂ ಒಂದೇ ಅಜ್ಞಾನದ ಮಕ್ಕಳು. ಬೀದರ, ಭಾಲ್ಕಿ, ಔರಾದಗಳ ಜನರು ಈ ಅಜ್ಞಾನಕ್ಕೆ ಹೆಚ್ಚಿನ ಬೆಲೆಯನ್ನೇ ತೆರಬೇಕಾಗಿದೆ. ಏಕೆಂದರೆ ಅವರ ಸೀಮೆಯ ಹೆಸರು ಒಮ್ಮೆ ಆ ಸಂಘದ ಮೇಜಿನ ಮೇಲೆ ನಿಜವಾಗಿಯೂ ಬಂದಿತ್ತು.

ಅದನ್ನು ಹೇಳುವ ಮುನ್ನ ಆ ಮನೆಯ ಕಟ್ಟಡವನ್ನು ನೋಡತಕ್ಕುದು. ಸಂಘದ ಸನ್ನದು ಆರು ಮುಖ್ಯ ಅಂಗಗಳನ್ನು ಹೇಳುವುದು. ಮಹಾಸಭೆಯಲ್ಲಿ 193 ಸದಸ್ಯ ರಾಷ್ಟ್ರಗಳಿಗೆ ಒಂದೊಂದು ಮತ. ಸಣ್ಣ ದ್ವೀಪಕ್ಕೂ ಒಂದೇ, ಭಾರತಕ್ಕೂ ಒಂದೇ. ಆದರೆ ಸಂಘದ ಒಳಾಡಳಿತವನ್ನೂ ಆಯವ್ಯಯವನ್ನೂ ಬಿಟ್ಟರೆ ಆ ಸಭೆಯ ನಿರ್ಣಯಗಳು ಸಲಹೆಗಳೇ ಹೊರತು ಆಜ್ಞೆಗಳಲ್ಲ. ಸದಸ್ಯರನ್ನು ಕಟ್ಟಿಹಾಕುವ ಆಜ್ಞೆಯನ್ನು ಕೊಡಬಲ್ಲುದು ಭದ್ರತಾ ಮಂಡಳಿ. ಅದರಲ್ಲಿ ಮೊದಲು ಹನ್ನೊಂದು ಸ್ಥಾನಗಳಿದ್ದುವು, 1965ರಿಂದ ಹದಿನೈದು. ಅವುಗಳಲ್ಲಿ ಐದು ಎಂದಿಗೂ ಕದಲದವು, ಆ ಐವರಲ್ಲಿ ಒಬ್ಬರು ಒಲ್ಲೆನೆಂದರೆ ಕಾರ್ಯ ನಿಂತುಹೋಗುವುದು. ಆರ್ಥಿಕ ಮತ್ತು ಸಾಮಾಜಿಕ ಮಂಡಳಿ ಮೂರನೆಯದು. ನಾಲ್ಕನೆಯದಾದ ಧರ್ಮದರ್ಶಿ ಮಂಡಳಿ, ತನ್ನ ವಶದ ಕಡೆಯ ನಾಡು ಸ್ವತಂತ್ರವಾದ ಮೇಲೆ, 1994ರಲ್ಲಿ ಕೆಲಸ ನಿಲ್ಲಿಸಿತು. ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯ ಐದನೆಯದು. ಅಲ್ಲಿ ಹದಿನೈದು ನ್ಯಾಯಾಧೀಶರಿರುವರು, ವಾದಿಪ್ರತಿವಾದಿಗಳಾಗಿ ನಿಲ್ಲಬಲ್ಲವು ರಾಷ್ಟ್ರಗಳು ಮಾತ್ರ. ಆರನೆಯದು ಮಹಾಕಾರ್ಯದರ್ಶಿಯ ಕಚೇರಿ. ಈ ಆರರಲ್ಲಿ ಯಾವುದರಲ್ಲಿಯೂ ಒಂದು ಜಿಲ್ಲೆಗೆ, ಒಂದು ಭಾಷೆಗೆ, ಒಂದು ಊರಿಗೆ ಕುರ್ಚಿಯಿಲ್ಲ. ಮಂಗಳೂರಿನ ಬೆನಗಲ್ ನರಸಿಂಗರಾಯರು 1950ರ ಜೂನ್ ತಿಂಗಳಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷಪೀಠದಲ್ಲಿ ಕುಳಿತರು. ಆದರೆ ಕುಳಿತದ್ದು ಭಾರತದ ಪ್ರತಿನಿಧಿಯಾಗಿ.

ಇನ್ನು 1948ರ ಪ್ರಕರಣ. ಆಗ ಬೀದರ ಜಿಲ್ಲೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತು. ಭಾರತದೊಡನೆ 1947ರ ನವೆಂಬರ್ 29ರಂದು ಆಗಿದ್ದ ಯಥಾಸ್ಥಿತಿಯ ಒಪ್ಪಂದ ಮುರಿದು ಬೀಳುತ್ತಿದ್ದಿತು. ರಜಾಕಾರರ ಹಾವಳಿ ಹಳ್ಳಿಹಳ್ಳಿಗೂ ಹಬ್ಬಿದ್ದಿತು; 1948ರ ಮೇ ತಿಂಗಳಲ್ಲಿ ಇದೇ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡವನ್ನು ಈ ಸೀಮೆ ಇಂದಿಗೂ ಮರೆತಿಲ್ಲ. ಆ ಆಗಸ್ಟ್ 21ರಂದು ನಿಜಾಮರ ಸರ್ಕಾರ ಭದ್ರತಾ ಮಂಡಳಿಗೆ ದೂರು ಕೊಟ್ಟಿತು. ದೂರು ಯಾರ ಮೇಲೆ? ಭಾರತದ ಮೇಲೆ. ಯಾವ ಬಾಗಿಲಿನಿಂದ? ಸನ್ನದಿನ 35ನೆಯ ವಿಧಿಯ ಎರಡನೆಯ ಖಂಡದಿಂದ. ಸದಸ್ಯನಲ್ಲದ ರಾಷ್ಟ್ರವೂ ತಾನು ಪಕ್ಷಸ್ಥನಾದ ವಿವಾದವನ್ನು ಮಂಡಳಿಯ ಮುಂದಿಡಬಹುದೆಂದು ಆ ಖಂಡ ಹೇಳುವುದು. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸಂಸ್ಥಾನದೊಳಗೆ ನಡೆಯಿತು. 16ರಂದು ಪ್ಯಾರಿಸ್ ನಗರದಲ್ಲಿ ಮಂಡಳಿ ಕೂಡಿತು. ಹನ್ನೊಂದು ಸದಸ್ಯರಲ್ಲಿ ಎಂಟು ಮಂದಿ ವಿಷಯವನ್ನು ಕಾರ್ಯಪಟ್ಟಿಗೆ ಸೇರಿಸಲು ಒಪ್ಪಿದರು, ಮೂವರು ತಟಸ್ಥರಾದರು. ಮರುದಿನ, 17ರಂದು, ನಿಜಾಮರು ಶರಣಾಗತರಾದರು. ತಿಂಗಳು ಮುಗಿಯುವುದರೊಳಗೆ ದೂರನ್ನು ಹಿಂತೆಗೆದುಕೊಂಡುದಾಗಿ ತಿಳಿಸಿದರು. 1949ರ ಮೇ ತಿಂಗಳಲ್ಲಿ ಇನ್ನೊಮ್ಮೆ ಮಾತುಗಳಾದುವು. ನಿರ್ಣಯವೆಂಬುದು ಒಂದಾದರೂ ಹೊರಡಲಿಲ್ಲ. ‘ಹೈದರಾಬಾದಿನ ಪ್ರಶ್ನೆ’ ಎಂಬ ಶೀರ್ಷಿಕೆ ಮಾತ್ರ ದಶಕಗಳ ಕಾಲ ಮಂಡಳಿಯ ಪಟ್ಟಿಯಲ್ಲಿ ಉಳಿದುಕೊಂಡಿತು.

ಆ ದಿನ ಪ್ಯಾರಿಸಿನಲ್ಲಿ ವಾದವಾದುದು ಯಾವುದರ ಮೇಲೆ? ಗೋರಟಾದ ಹೆಣಗಳ ಮೇಲಲ್ಲ; ಭಾಲ್ಕಿಯ ರೈತನ ಸುಟ್ಟ ಬಣವೆಯ ಮೇಲಲ್ಲ. ಹೈದರಾಬಾದು ಒಂದು ‘ರಾಷ್ಟ್ರ’ವೇ ಅಲ್ಲವೇ ಎಂಬುದೇ ಮೊದಲನೆಯ ಪ್ರಶ್ನೆಯಾಯಿತು. ನಿಜಾಮರ ಪಕ್ಷದಲ್ಲಿ ನವಾಬ ಮೊಯಿನ್ ನವಾಜ್ ಜಂಗರು ಹೌದೆಂದರು. ಭಾರತದ ಪಕ್ಷದಲ್ಲಿ ಸರ್ ಎ. ರಾಮಸ್ವಾಮಿ ಮುದಲಿಯಾರರು ಅಲ್ಲವೆಂದರು. ಈ ಮುದಲಿಯಾರರು ಆಗ ಮೈಸೂರಿನ ದಿವಾನರು. 1945ರ ಜೂನ್ 26ರಂದು ಸಂಘದ ಸನ್ನದಿಗೆ ಭಾರತದ ಪರವಾಗಿ ರುಜು ಹಾಕಿದವರು. 1946ರಲ್ಲಿ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಗೆ ಮೊದಲನೆಯ ಅಧ್ಯಕ್ಷರಾದವರು. ಆ ಮನೆಯ ಕದಗಳು ಹೇಗೆ ತೆರೆಯುವುವು, ಹೇಗೆ ಮುಚ್ಚುವುವು ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಕೆಲವರೇ. ರಾಷ್ಟ್ರವಲ್ಲದವನಿಗೆ ಅಲ್ಲಿ ಬಾಯಿಯಿಲ್ಲವೆಂಬ ಸೂತ್ರವನ್ನೇ ಅವರು ಹಿಡಿದರು. ಭಾರತದ ಕಾರ್ಯ ಸರಿಯೆಂದು ನಂಬುವವನೂ ಈ ಸೂತ್ರದ ಇನ್ನೊಂದು ಮಗ್ಗುಲನ್ನು ನೋಡಲೇಬೇಕು. ನಿಜಾಮರಿಗೇ ಬಾಯಿಯಿಲ್ಲವೆಂದಾದರೆ, ನಿಜಾಮರ ಪ್ರಜೆಗೆ ಎಲ್ಲಿಯ ಬಾಯಿ?

ಈ ಮಾತಿಗೆ ಮುಂದಿನ ತಿಂಗಳುಗಳೇ ಸಾಕ್ಷಿ. ಸೈನ್ಯ ಬಂದ ಮೇಲೆ ಸಂಸ್ಥಾನದ ಹಲವು ಜಿಲ್ಲೆಗಳಲ್ಲಿ ಮುಸಲ್ಮಾನ ಪ್ರಜೆಗಳ ಮೇಲೆ ಸೇಡಿನ ಹಿಂಸೆ ನಡೆಯಿತು. ಭಾರತ ಸರ್ಕಾರದ ಕಳುಹಿಸುವಿಕೆಯಿಂದ ಪಂಡಿತ ಸುಂದರಲಾಲರೂ ಅವರ ಸಂಗಡಿಗರೂ 1948ರ ಕೊನೆಯ ವಾರಗಳಲ್ಲಿ ಸಂಸ್ಥಾನದಲ್ಲಿ ಸಂಚರಿಸಿ ವರದಿಯನ್ನು ಬರೆದರು. ಇಡೀ ಸಂಸ್ಥಾನದಲ್ಲಿ ಮಡಿದವರು 27 ಸಾವಿರದಿಂದ 40 ಸಾವಿರದವರೆಗೆ ಇರಬಹುದೆಂದು ಅವರು ಅಂದಾಜು ಮಾಡಿದರು. ಅತಿ ಹೆಚ್ಚಾಗಿ ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರವನ್ನೂ ಹೆಸರಿಸಿದರು. ಆ ವರದಿ ದಶಕಗಳ ಕಾಲ ಸಾರ್ವಜನಿಕರ ಕಣ್ಣಿಗೆ ಬೀಳಲಿಲ್ಲ. ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ನೋಡಸಿಗುತ್ತದೆಂಬುದು ಬಹುಜನಕ್ಕೆ ತಿಳಿದುದು 2013ರಲ್ಲಿ. ಇತ್ತ ಸುಂದರಲಾಲರು ಸಂಸ್ಥಾನದಲ್ಲಿ ಸಂಚರಿಸುತ್ತಿದ್ದ ಅದೇ ಕಾಲದಲ್ಲಿ, 1948ರ ಡಿಸೆಂಬರ್ 10ರಂದು, ಅತ್ತ ಅದೇ ಪ್ಯಾರಿಸಿನಲ್ಲಿ ಸಂಘದ ಮಹಾಸಭೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತು. ಅದರ ಮೊದಲನೆಯ ವಿಧಿಯಲ್ಲಿ ಗಂಡಸರೆಂಬಂತೆ ತೋರುತ್ತಿದ್ದ ಮಾತನ್ನು ತೆಗೆಯಿಸಿ ಮನುಷ್ಯರೆಲ್ಲರೂ ಎಂದು ಬರೆಯಿಸಿದವರು ಭಾರತದ ಹಂಸಾ ಮೆಹತಾರವರು. ಘೋಷಣೆ ಉದಾತ್ತವಾದುದು. ಆದರೆ ಗೋರಟಾದ ವಿಧವೆಗೂ, ನಾಲ್ಕು ತಿಂಗಳ ತರುವಾಯ ಗಂಡನನ್ನು ಕಳೆದುಕೊಂಡ ಮುಸಲ್ಮಾನ ಹೆಣ್ಣಿಗೂ ಅದು ಅಂದು ಒಂದು ಬಾಗಿಲನ್ನೂ ತೆರೆಯಲಿಲ್ಲ. ಒಬ್ಬಳ ದುಃಖ ನಿಜಾಮರ ಆಂತರಿಕ ವ್ಯವಹಾರ, ಇನ್ನೊಬ್ಬಳದು ಭಾರತದ ಆಂತರಿಕ ವ್ಯವಹಾರ. ಇಬ್ಬರಲ್ಲಿ ಒಬ್ಬಳ ಕಣ್ಣೀರನ್ನು ಮಾತ್ರ ಎಣಿಸುವವರು ಇಂದೂ ಎರಡು ಕಡೆಯಲ್ಲಿಯೂ ಉಂಟು; ಅವರಿಬ್ಬರೂ ವೇದಿಕೆಯೇರಿದಾಗ ವಿಶ್ವಸಂಸ್ಥೆಯ ಹೆಸರನ್ನು ಕರೆಯುವುದು ಮಾತ್ರ ಒಂದೇ ಸ್ವರದಲ್ಲಿ!

ಇಲ್ಲಿ ಒಂದು ಆಕ್ಷೇಪ ಬರಬಹುದು. ಸಂಘದ ಸನ್ನದು ಪ್ರಾರಂಭವಾಗುವುದು ಜನಗಳ ಹೆಸರಿನಲ್ಲಿಯೇ. ಹಾಗಿರುವಾಗ ಅದನ್ನು ವಿಶ್ವದ ಸಂಸ್ಥೆಯೆಂದರೆ ತಪ್ಪೇನು? ಆ ಪೀಠಿಕೆಯನ್ನು ಕೊನೆಯವರೆಗೆ ಓದಿದವರು ಹೀಗೆ ಕೇಳಲಾರರು. ಜನಗಳ ಹೆಸರಿನಿಂದ ತೊಡಗಿದ ವಾಕ್ಯ, ಅವರವರ ಸರ್ಕಾರಗಳು ಪ್ರತಿನಿಧಿಗಳ ಮೂಲಕ ಒಪ್ಪಿಕೊಂಡುವೆಂಬಲ್ಲಿ ಮುಗಿಯುವುದು. ಹೊಸ್ತಿಲಲ್ಲಿ ಜನ, ಒಳಮನೆಯಲ್ಲಿ ಸರ್ಕಾರ. ಹೊಸ್ತಿಲನ್ನೇ ಮನೆಯೆಂದು ತಿಳಿಯಬಾರದು.

ಹಾಗಾದರೆ ಆ ಸಂಘ ನಿಷ್ಪ್ರಯೋಜಕವೇ? ಇದು ಎರಡನೆಯ ಭ್ರಾಂತಿ. ‘ವಿಶ್ವಸಂಸ್ಥೆ’ ಎಂಬ ಏಕವಚನ ಇಲ್ಲಿಯೂ ಕಣ್ಣು ಕಟ್ಟುವುದು. ಮಂಡಳಿ ಸೋತರೆ ಎಲ್ಲವೂ ಸೋತಿತೆಂದು ಜನ ತಿಳಿಯುವರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಸಂಘದ ಸುತ್ತ ವಿಶೇಷ ಸಂಸ್ಥೆಗಳೆಂಬ ಬೇರೆ ಮನೆಗಳಿರುವುವು. ಅವುಗಳಿಗೆ ಬೇರೆ ಸನ್ನದು, ಬೇರೆ ಸಭೆ, ಬೇರೆ ಬೊಕ್ಕಸ. ಸಂಘದೊಡನೆ ಅವುಗಳದು ಒಪ್ಪಂದದ ನಂಟು. ಅಮೇರಿಕಾ ದೇಶ 1984ರಲ್ಲಿ ಯುನೆಸ್ಕೋವನ್ನು ಬಿಟ್ಟುಹೋಗಿ 2003ರಲ್ಲಿ ಮರಳಿತು. ನಡುವಿನ ವರ್ಷಗಳಲ್ಲೆಲ್ಲ ಅದು ಸಂಯುಕ್ತ ರಾಷ್ಟ್ರಸಂಘದ ಸದಸ್ಯನಾಗಿಯೇ ಇದ್ದಿತು. ಮನೆಗಳು ಬೇರೆಬೇರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕೆ? ಕೆಲವು ಮನೆಗಳು ಸಂಘಕ್ಕಿಂತ ಹಿರಿಯವು. ಅಂಚೆಯ ಒಕ್ಕೂಟ 1874ರದು. ಔರಾದದ ಅಂಚೆಮನೆಯಲ್ಲಿ ಹಾಕಿದ ಕಾಗದ ಕೊಲ್ಲಿಯ ನಾಡಿನಲ್ಲಿ ದುಡಿಯುವ ಮಗನ ಕೈಸೇರುವುದು ಅದರ ಕಟ್ಟಳೆಗಳ ಬಲದಿಂದ. ಕಾರ್ಮಿಕ ಸಂಸ್ಥೆ 1919ರದು. ಅದರ ಸಮ್ಮೇಳನಕ್ಕೆ ಪ್ರತಿಯೊಂದು ದೇಶದಿಂದ ಸರ್ಕಾರದ ಇಬ್ಬರು, ಮಾಲಿಕರ ಒಬ್ಬ, ಕೂಲಿಕಾರರ ಒಬ್ಬ ಹೋಗಿ ಮತ ಕೊಡುವರು. ಸರ್ಕಾರವಲ್ಲದವನಿಗೂ ಮತವಿರುವ ಅಪರೂಪದ ಮನೆ ಅದು. ಇದಕ್ಕೆ ತೀರ ಎದುರಾದುದು ವಿಶ್ವಬ್ಯಾಂಕು. ಅಲ್ಲಿ ಮತಗಳ ತೂಕ ಪಾಲುಬಂಡವಾಳವನ್ನು ಅನುಸರಿಸುವುದು. ಯುನಿಸೆಫ್ ಎಂಬ ಮಕ್ಕಳ ನಿಧಿ ಬೇರೆ ಮನೆಯೂ ಅಲ್ಲ. 1946ರಲ್ಲಿ ಮಹಾಸಭೆಯೇ ಹುಟ್ಟಿಸಿದ ಕೂಸು, ದಾನಿಗಳು ಇಷ್ಟಪಟ್ಟು ಕೊಡುವ ಹಣದಿಂದ ನಡೆಯುವುದು.

1948ರಲ್ಲಿಯೇ, ಏಪ್ರಿಲ್ 7ರಂದು, ವಿಶ್ವ ಆರೋಗ್ಯ ಸಂಸ್ಥೆಯೂ ಹುಟ್ಟಿತು. ಬೀದರದ ವಿಷಯದಲ್ಲಿ ಮಂಡಳಿ ಒಂದು ನಿರ್ಣಯವನ್ನೂ ಮಾಡಲಾರದೆ ಹೋಯಿತು. ಆದರೆ ಅದೇ ವರ್ಷ ಹುಟ್ಟಿದ ಈ ಸಂಸ್ಥೆಯ ಮುಂದಾಳುತನದಲ್ಲಿ ಸಿಡುಬು ಭೂಮಂಡಲವನ್ನೇ ಬಿಟ್ಟು ತೊಲಗಿತು. ಭಾರತದ ಕಡೆಯ ಸಿಡುಬು 1975ರಲ್ಲಿ ಕಂಡಿತು. 1980ರ ಮೇ 8ರಂದು ಜಗತ್ತೇ ಅದರಿಂದ ಮುಕ್ತವೆಂದು ಸಾರಲಾಯಿತು. 2014ರ ಮಾರ್ಚ್ 27ರಂದು ಭಾರತವನ್ನೊಳಗೊಂಡ ಆಗ್ನೇಯ ಏಷ್ಯಾ ವಿಭಾಗ ಪೋಲಿಯೋಮುಕ್ತವೆಂಬ ಪ್ರಮಾಣಪತ್ರವನ್ನು ಪಡೆಯಿತು. ಆದರೂ ಔರಾದದ ತಾಂಡಾಗಳಲ್ಲಿ ಬಾಗಿಲು ತಟ್ಟಿ ಮಗುವಿನ ಬಾಯಿಗೆ ಹನಿ ಹಾಕಿದವರು ಜಿನೀವಾದಿಂದ ಬಂದವರಲ್ಲ. ಈ ನಾಡಿನ ಆರೋಗ್ಯ ಇಲಾಖೆಯ ನೌಕರರು, ಅಂಗನವಾಡಿಯ ಹೆಣ್ಣುಮಕ್ಕಳು. ಜ್ಞಾನವೂ ಕಟ್ಟಳೆಯೂ ಅಲ್ಲಿಂದ ಬಂದುವು, ಕೈಕಾಲುಗಳು ಇಲ್ಲಿಯವು. ದೇವರು ಕೊಟ್ಟರೂ ಪೂಜಾರಿ ಕೊಡನೆಂಬುದು ಗಾದೆ. ಅಲ್ಲಿ ದೇವರ ವರ ಎಷ್ಟೇ ಇರಲಿ, ಇಲ್ಲಿಯ ಪೂಜಾರಿ ಏಳದಿದ್ದರೆ ಪ್ರಸಾದವಿಲ್ಲ.

ಈ ಮಾತು ಎಲ್ಲಕ್ಕಿಂತ ಹೆಚ್ಚಾಗಿ ಸಲ್ಲುವುದು ಬೀದರದ ಕೋಟೆಗೂ ನೌಬಾದದ ಕರೇಜಿಗೂ. ‘ಯುನೆಸ್ಕೋದವರು ಬಂದು ಬೀದರವನ್ನು ಉಳಿಸಬೇಕು’ ಎಂಬ ಮಾತು ಪಟ್ಟಣದಲ್ಲಿ ಪದೇಪದೇ ಕೇಳಿಬರುವುದು. ಯುನೆಸ್ಕೋ ಬರುವ ರೀತಿ ಹೇಗೆ? 1972ರ ಒಡಂಬಡಿಕೆಯ ಪ್ರಕಾರ ವಿಶ್ವಪರಂಪರೆಯ ಪಟ್ಟಿಗೆ ಹೆಸರನ್ನು ಸೂಚಿಸಬಲ್ಲುದು ರಾಷ್ಟ್ರ ಮಾತ್ರ. ಮೊದಲು ತಾತ್ಕಾಲಿಕ ಪಟ್ಟಿ, ಬಳಿಕ ಸವಿಸ್ತಾರವಾದ ಕಡತ, ತಜ್ಞರ ಪರಿಶೀಲನೆ, ಕಡೆಗೆ ಇಪ್ಪತ್ತೊಂದು ರಾಷ್ಟ್ರಗಳ ಸಮಿತಿಯ ತೀರ್ಮಾನ. ಹಂಪೆ 1986ರಲ್ಲಿಯೂ ಪಟ್ಟದಕಲ್ಲು 1987ರಲ್ಲಿಯೂ ಹೊಯ್ಸಳರ ದೇವಾಲಯಗಳು 2023ರಲ್ಲಿಯೂ ಈ ಹಾದಿಯಲ್ಲಿಯೇ ನಡೆದು ಹೋದುವು. ಬೀದರದ ಹೆಸರು ಗುಲಬರ್ಗಾ, ಬಿಜಾಪುರ, ಹೈದರಾಬಾದುಗಳೊಡನೆ, ದಖ್ಖನದ ಸುಲ್ತಾನರ ಸ್ಮಾರಕಗಳೂ ಕೋಟೆಗಳೂ ಎಂಬ ಶೀರ್ಷಿಕೆಯ ಕೆಳಗೆ, 2014ರಲ್ಲಿ ತಾತ್ಕಾಲಿಕ ಪಟ್ಟಿಗೆ ಬಂದಿತು. ಅದೇ ಅವಧಿಯಲ್ಲಿ ಬೀದರದ ಐತಿಹಾಸಿಕ ನಗರ ‘ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್’ ಎಂಬ 2014ರ ಪಟ್ಟಿಯಲ್ಲಿಯೂ ಕಂಡಿತು. ಆದರೆ ಆ ಪಟ್ಟಿ ನ್ಯೂಯಾರ್ಕಿನ ಒಂದು ಖಾಸಗಿ ನಿಧಿಯದು. ಸಂಯುಕ್ತ ರಾಷ್ಟ್ರಸಂಘಕ್ಕೂ ಅದಕ್ಕೂ ಸಂಬಂಧವಿಲ್ಲ. ಎರಡನ್ನೂ ಬೆರಸಿ, ‘ವಿಶ್ವಸಂಸ್ಥೆ ಬೀದರವನ್ನು ಗುರುತಿಸಿತು’ ಎಂದು ಹಾರ ಹಾಕಿಕೊಳ್ಳುವುದು ಸುಲಭ. ಹದಿನೈದನೆಯ ಶತಮಾನದ ಸುರಂಗಬಾವಿಯ ಬಾಯಿಯಲ್ಲಿ ಕಸ ಸುರಿಯದಂತೆ ನೋಡಿಕೊಳ್ಳುವುದು ಕಷ್ಟ. ಮೊದಲನೆಯದಕ್ಕೆ ಪ್ಯಾರಿಸು ಬೇಕು. ಎರಡನೆಯದಕ್ಕೆ ನೆರೆಮನೆಯವನ ಒಪ್ಪಿಗೆಯೂ ನಗರಸಭೆಯ ಪೊರಕೆಯೂ ಸಾಕು. ಕಡತ ಹೊರಡಬೇಕಾದರೂ ಬೀದರದಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ದೆಹಲಿಗೆ ನಡೆಯಬೇಕು. ಅಲ್ಲಿಂದ ಮುಂದಿನ ಮಾತು ಪ್ಯಾರಿಸು.

ಒಬ್ಬ ವ್ಯಕ್ತಿಗೆ ಆ ಸಂಘದಲ್ಲಿ ಬಾಗಿಲೇ ಇಲ್ಲವೆಂದರೆ ಅದೂ ಪೂರ್ಣಸತ್ಯವಾಗದು. ಮಾನವ ಹಕ್ಕುಗಳ ಮಂಡಳಿ ನೇಮಿಸಿದ ವಿಶೇಷ ತಜ್ಞರಿಗೆ ಯಾರಾದರೂ ಕಾಗದ ಬರೆಯಬಹುದು. ಅವರು ಸರ್ಕಾರವನ್ನು ಪ್ರಶ್ನಿಸಬಹುದು. ಆದರೆ ಉತ್ತರ ಕೊಡಲೇಬೇಕೆಂದು ಕಟ್ಟಿಹಾಕುವ ಬಲ ಅವರಿಗಿಲ್ಲ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಗೆ ಭಾರತ 1979ರಲ್ಲಿ ಸೇರಿತು. ಅದರ ಸಮಿತಿಗೆ ವ್ಯಕ್ತಿಗಳು ನೇರವಾಗಿ ದೂರು ಕೊಡಲು ಅವಕಾಶ ಮಾಡುವ ಪೂರಕ ಒಪ್ಪಂದಕ್ಕೆ ಮಾತ್ರ ಸೇರಲಿಲ್ಲ. ಆ ಕದವನ್ನು ತೆರೆಯುವ ಕೀಲಿಕೈ ನ್ಯೂಯಾರ್ಕಿನಲ್ಲಿಲ್ಲ; ದೆಹಲಿಯಲ್ಲಿದೆ. ಅದನ್ನು ಕೇಳಬೇಕಾದವರು ಮತದಾರರು. ಸಂಘದ ಅಧಿಕೃತ ಭಾಷೆಗಳು ಆರು. ಕನ್ನಡ ಅವುಗಳಲ್ಲಿಲ್ಲ, ಹಿಂದಿಯೂ ಇಲ್ಲ. ಮಾನವ ಹಕ್ಕುಗಳ ಘೋಷಣೆಯ ಕನ್ನಡ ಅನುವಾದ ಮಾತ್ರ ದೊರೆಯುವುದು. ಅದನ್ನು ಭಾಲ್ಕಿಯ ಶಾಲೆಯಲ್ಲಿ ಓದಿಸಲು ಯಾರ ಅಪ್ಪಣೆ ಬೇಕು?

ಭಾಲ್ಕಿಯ ಮಾತು ಬಂದುದರಿಂದ ಒಂದನ್ನು ನೆನೆಯತಕ್ಕುದು. ನಿಜಾಮರ ಕಾಲದಲ್ಲಿ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದುವಿನ ಫಲಕವನ್ನು ತೂಗಿಸಿ ಒಳಗೆ ಕನ್ನಡವನ್ನು ಕಲಿಸಿದರೆಂಬುದು ಆ ಸೀಮೆಯ ಮನೆಮನೆಯ ಮಾತು. ಅವರು ಯಾವ ಮಂಡಳಿಗೂ ದೂರು ಬರೆದು ಕುಳಿತವರಲ್ಲ. 1956ರ ನವೆಂಬರ್ 1ರಂದು ಬೀದರ, ಭಾಲ್ಕಿ, ಔರಾದಗಳು ಮೈಸೂರು ರಾಜ್ಯಕ್ಕೆ ಸೇರಿದುದು ಭಾರತದ ಪಾರ್ಲಿಮೆಂಟಿನ ಶಾಸನದಿಂದ. ಹಿಂದುಳಿದ ಈ ಸೀಮೆಗೆ ವಿಶೇಷ ಸೌಲಭ್ಯಗಳನ್ನು ಕೊಡುವ ಸಂವಿಧಾನದ 371ಜೆ ವಿಧಿ ಬಂದುದು 2012ರಲ್ಲಿ ಅದೇ ಪಾರ್ಲಿಮೆಂಟು ಒಪ್ಪಿದ ತಿದ್ದುಪಡಿಯಿಂದ. ಇವೆರಡೂ ಬಂದುದು ಜನರು ತಮ್ಮ ಮನೆಯ ಬಾಗಿಲನ್ನೇ ವರ್ಷಗಟ್ಟಲೆ ಬಡಿದುದರಿಂದ.

ಆದಕಾರಣ ಪತ್ರಿಕೆಗಳವರೂ ಉಪಾಧ್ಯಾಯರೂ ಮಾಡಬಹುದಾದ ಮೊದಲನೆಯ ಉಪಕಾರವೆಂದರೆ ಆ ಸಂಘವನ್ನು ಅದರ ನಿಜವಾದ ಹೆಸರಿನಿಂದ ಕರೆಯುವುದು. ‘ಸಂಯುಕ್ತ ರಾಷ್ಟ್ರಸಂಘ’ವೆಂದು ಕಲಿತ ಮಗು, ಅಲ್ಲಿ ರಾಷ್ಟ್ರದ ಪರವಾಗಿ ಮಾತಾಡುವವರು ಯಾರು, ಅವರನ್ನು ಕಳುಹಿಸಿದವರು ಯಾರು, ಆ ಕಳುಹಿಸಿದವರನ್ನು ಆರಿಸಿದವರು ಯಾರು ಎಂದು ಕೇಳುತ್ತ ಕೇಳುತ್ತ ತನ್ನ ತಂದೆತಾಯಿಗಳ ಮತದ ಚೀಟಿಯವರೆಗೆ ಬಂದು ನಿಲ್ಲುವುದು. ‘ವಿಶ್ವಸಂಸ್ಥೆ’ಯೆಂದು ಕಲಿತ ಮಗು ಆಕಾಶವನ್ನು ನೋಡುತ್ತ ನಿಲ್ಲುವುದು. ಎರಡನೆಯದಾಗಿ, ಯಾವ ವೇದಿಕೆಯಿಂದಲಾದರೂ ‘ಇದನ್ನು ವಿಶ್ವಸಂಸ್ಥೆಗೆ ಒಯ್ಯುವೆವು’ ಎಂಬ ಗರ್ಜನೆ ಕೇಳಿಬಂದಾಗ ಸಭಿಕರು ಮೂರು ಪ್ರಶ್ನೆಗಳನ್ನು ಕೇಳತಕ್ಕುದು: ಯಾವ ಅಂಗಕ್ಕೆ? ಯಾವ ವಿಧಿಯ ಪ್ರಕಾರ? ಯಾರ ಕೈಯಿಂದ? ಉತ್ತರವಿದ್ದರೆ ಚಪ್ಪಾಳೆ ತಟ್ಟಲಿ. ಉತ್ತರವಿಲ್ಲದಿದ್ದರೆ ಆ ಮಹಾಶಯರನ್ನು ನೌಬಾದದ ಕರೇಜಿನ ದಾರಿಗೆ ಕರೆದುಕೊಂಡು ಹೋಗಿ ಕೈಗೆ ಒಂದು ಬುಟ್ಟಿಯನ್ನು ಕೊಡಲಿ.

ಮನೆ ಗೆದ್ದು ಮಾರು ಗೆಲ್ಲೆಂದರು ಹಿರಿಯರು. ಗೋರಟಾದ ಸತ್ತವರನ್ನೂ ಸೇಡಿಗೆ ಬಲಿಯಾದವರನ್ನೂ ಒಂದೇ ಪುಟದಲ್ಲಿ ಬರೆದು ಓದುವ ಧೈರ್ಯ ಬೀದರಕ್ಕೆ ಬಂದ ದಿನ, ಮಂಡಳಿ ಬಿಟ್ಟುಹೋದ ‘ಹೈದರಾಬಾದಿನ ಪ್ರಶ್ನೆ’ಗೆ ಉತ್ತರ ಬರೆಯತೊಡಗಿದಂತಾಗುವುದು. ಅದಕ್ಕೆ ಯಾವ ರಾಷ್ಟ್ರದ ಮತವೂ ಬೇಕಿಲ್ಲ. ತಡೆಯುವ ಅಧಿಕಾರ ಯಾವ ಐವರಿಗೂ ಇಲ್ಲ.